ಆಫ್ ಮಾಡಿದರೂ ವೈಪರ್ ನಿಲ್ಲುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ನಿಂತಿದೆ. ಸ್ವಿಚ್ ಆಫ್ ಮಾಡಿದ್ದೀರಿ. ಆದರೂ ವೈಪರ್ ಒಣ ಗಾಜಿನ ಮೇಲೆ ಕರಕರ ಅಂತ ಓಡಾಡುತ್ತಲೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ ಕಡೆಯ ಆಟೋ ಎಲೆಕ್ಟ್ರಿಕಲ್ ಅಂಗಡಿಗಳಿಗೆ ಈ ದೂರು ಬಂದೇ ಬರುತ್ತದೆ, ಎಷ್ಟೋ ಸಲ ಸರಿಯಾಗಿ ನೋಡುವ ಮೊದಲೇ ಮೋಟರ್ ಬದಲಾಗಿಬಿಡುತ್ತದೆ. ಅಷ್ಟು ಅವಸರ ಬೇಡ. ನಿಲ್ಲದೆ ಓಡುವ ವೈಪರ್‌ನ ಮೋಟರ್ ಚೆನ್ನಾಗಿಯೇ ತಿರುಗುತ್ತಿದೆ ಅಲ್ವಾ? ಆಫ್ ಮಾಡಿದ ಮೇಲೂ ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಅದು ಗೊತ್ತಾದ ಮೇಲೆ ಪಾರ್ಟ್ ತರಿಸಿ.

ದಾರಿ ಮಧ್ಯೆ ಹೀಗಾಯಿತು. ಈಗಲೇ ಎಂತ ಮಾಡುವುದು?

ಮಳೆ ಬರುತ್ತಿದ್ದರೆ ಏನೂ ಮಾಡಬೇಡಿ, ಓಡಲಿ ಬಿಡಿ, ಮನೆ ತಲುಪಿ. ನಿಲ್ಲದ ವೈಪರ್‌ಗಿಂತ ಓಡದ ವೈಪರ್ ನಮ್ಮ ಮಳೆಯಲ್ಲಿ ಬಹಳ ಅಪಾಯ.

ಮಳೆ ಇಲ್ಲದಿದ್ದರೆ ಆಗಾಗ ವಾಶರ್ ನೀರು ಹಾಯಿಸುತ್ತಾ ಇರಿ. ಹೆದ್ದಾರಿ 66ರಲ್ಲಿ ಹಾರುವ ಮರಳು, ಕೆಂಪು ಮಣ್ಣಿನ ಧೂಳು ಗಾಜಿನ ಮೇಲೆ ಕೂತಿರುತ್ತದೆ, ಒಣಗಿದ್ದಾಗ ಬ್ಲೇಡ್ ಅದನ್ನೇ ಉಜ್ಜಿ ಗಾಜಿಗೆ ಗೀರು ಹಾಕುತ್ತದೆ, ಆ ಗೀರು ರಾತ್ರಿ ಎದುರಿನ ಗಾಡಿಯ ಲೈಟಿಗೆ ಹೊಳೆದು ಕಣ್ಣಿಗೆ ಹೊಡೆಯುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ಬದಿಗೆ ಹಾಕಿ, ಕೀ ಆಫ್ ಮಾಡಿ, ವೈಪರ್ ಫ್ಯೂಸ್ ತೆಗೆದು ಜೋಪಾನವಾಗಿ ಇಟ್ಟುಕೊಳ್ಳಿ. ಮತ್ತೆ ಮಳೆ ಬಂದರೆ ನಿಲ್ಲಿಸಿ, ಅದೇ ಫ್ಯೂಸ್ ಹಾಕಿ, ಓಡಿಸಿ.

ಒಂದು ಕೆಲಸ ಮಾತ್ರ ಮಾಡಲೇಬೇಡಿ: ಓಡುವ ವೈಪರ್ ಅನ್ನು ಕೈಯಲ್ಲಿ ಹಿಡಿದು ನಿಲ್ಲಿಸಬೇಡಿ. ತಿರುಗಲಾಗದ ಮೋಟರ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಆಗ ಫ್ಯೂಸ್ ಸುಟ್ಟರೆ ಅದೃಷ್ಟ, ಇಲ್ಲದಿದ್ದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಸ್ವಿಚ್ ಡಬ್ಬಿ) ಒಳಗಿನ ಕಾಂಟ್ಯಾಕ್ಟ್ ಕರಗಿ ಅಂಟಿಕೊಳ್ಳುತ್ತದೆ, ಒಂದಿದ್ದ ತೊಂದರೆ ಎರಡಾಗುತ್ತದೆ.

ಫ್ಯೂಸ್ ಎಲ್ಲಿರುತ್ತದೆ?

ಡ್ಯಾಶ್‌ಬೋರ್ಡ್ ಕೆಳಗೆ, ಸ್ಟೀರಿಂಗ್ ಬದಿಯಲ್ಲಿ, ಅಥವಾ ಬಾನೆಟ್ ಒಳಗೆ ಬ್ಯಾಟರಿ ಪಕ್ಕದ ಕಪ್ಪು ಪೆಟ್ಟಿಗೆಯಲ್ಲಿ. ಮುಚ್ಚಳದ ಒಳಬದಿಯಲ್ಲಿ ನಕ್ಷೆ ಇರುತ್ತದೆ, ಕಾರಿನ ಕೈಪಿಡಿಯಲ್ಲೂ ಇದೆ. ಮುಂದಿನ ವೈಪರ್‌ದು ಸಾಮಾನ್ಯವಾಗಿ 20ರಿಂದ 30 ಆಂಪಿಯರ್‌ದು. ಸುಟ್ಟರೆ ಅಷ್ಟೇ ಆಂಪಿಯರ್‌ದನ್ನೇ ಹಾಕಿ, ದೊಡ್ಡದು ಹಾಕಿದರೆ ಮುಂದಿನ ಸಲ ಸುಡುವುದು ವಯರ್.

ಕೀ ತೆಗೆದರೂ ಓಡುತ್ತಲೇ ಇದೆ, ಇದು ಬೇರೆ ತೊಂದರೆಯೇ?

ಹೌದು, ಇದನ್ನು ಬೇರೆಯೇ ಲೆಕ್ಕ ಹಿಡಿಯಿರಿ. ಸಾಮಾನ್ಯವಾಗಿ ವೈಪರ್‌ಗೆ ಕರೆಂಟ್ ಇಗ್ನಿಷನ್ ಮೂಲಕ ಬರುತ್ತದೆ, ಕೀ ತೆಗೆದರೆ ಗಾಜಿನ ಮಧ್ಯದಲ್ಲಾದರೂ ಸರಿ, ಇದ್ದಲ್ಲೇ ನಿಲ್ಲಬೇಕು. ಹಾಗೆ ನಿಲ್ಲದಿದ್ದರೆ ಬ್ಯಾಟರಿಯಿಂದ ನೇರ ಎಲ್ಲೋ ಕರೆಂಟ್ ಸೇರುತ್ತಿದೆ: ಇಗ್ನಿಷನ್ ರಿಲೇ ಅಂಟಿಕೊಂಡಿರಬಹುದು, ವಯರ್ ಉಜ್ಜಿ ಇನ್ನೊಂದಕ್ಕೆ ತಾಗಿರಬಹುದು, ಅಥವಾ ಫಾಗ್ ಲ್ಯಾಂಪ್, ಕ್ಯಾಮೆರಾ ಹಾಕುವಾಗ ಯಾರೋ ಸಿಕ್ಕಿದ ವಯರಿಗೆ ಜೋಡಿಸಿರಬಹುದು. ಫ್ಯೂಸ್ ತೆಗೆದರೂ ನಿಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್ ಕಳಚಿ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಬ್ಯಾಟರಿ ಖಾಲಿ, ಅದಕ್ಕಿಂತ ಹೆಚ್ಚಾಗಿ ಬೆಂಕಿಯ ಭಯ.

ಆಫ್ ಮಾಡಿದಾಗ ವೈಪರ್ ಗಾಜಿನ ಕೆಳಗೇ ಹೋಗಿ ನಿಲ್ಲುತ್ತದಲ್ಲ, ಅದು ಹೇಗೆ?

ಇದೊಂದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನೀವು ಆಫ್ ಮಾಡಿದ ಕ್ಷಣ ಮೋಟರ್‌ಗೆ ಕರೆಂಟ್ ಕಟ್ ಆಗುವುದಿಲ್ಲ. ಆಗುತ್ತಿದ್ದರೆ ಬ್ಲೇಡ್ ಕಣ್ಣೆದುರೇ ನಿಲ್ಲುತ್ತಿತ್ತು. ಮೋಟರ್‌ನ ಗೇರ್ ಡಬ್ಬಿಯ ಒಳಗೆ ಇನ್ನೊಂದು ಸಣ್ಣ ಸ್ವಿಚ್ ಇದೆ, ಅದಕ್ಕೆ ಪಾರ್ಕ್ ಸ್ವಿಚ್ ಅನ್ನುತ್ತಾರೆ. ಬ್ಲೇಡ್ ಕೆಳಗೆ ಬರುವವರೆಗೆ ಈ ಪಾರ್ಕ್ ಸ್ವಿಚ್ ತಾನೇ 12 ವೋಲ್ಟ್ ಕೊಡುತ್ತಾ ಇರುತ್ತದೆ. ಆ ಕರೆಂಟ್ ಒಂದು ಪ್ರತ್ಯೇಕ ವಯರಿನಲ್ಲಿ ಸ್ಟೀರಿಂಗ್ ಬಳಿಯ ಸ್ವಿಚ್‌ಗೆ ಹೋಗಿ, ಆ ಸ್ವಿಚ್ ಆಫ್‌ನಲ್ಲಿ ಇದ್ದಾಗ ಅದರೊಳಗಿಂದಲೇ ತಿರುಗಿ ಮೋಟರ್‌ನ ಸ್ಲೋ ಸ್ಪೀಡ್ ವಯರಿಗೆ ಬರುತ್ತದೆ. ಬ್ಲೇಡ್ ಕೆಳಗೆ ತಲುಪಿದ ಕೂಡಲೇ ಪಾರ್ಕ್ ಸ್ವಿಚ್ 12 ವೋಲ್ಟ್ ಬಿಟ್ಟು ಅದೇ ವಯರನ್ನು ಅರ್ಥ್‌ಗೆ, ಅಂದರೆ ಕಾರಿನ ಲೋಹದ ಮೈಗೆ, ಜೋಡಿಸುತ್ತದೆ. ತಿರುಗುವ ಮೋಟರ್ ಆ ಗಳಿಗೆಗೆ ಡೈನಮೋ ಆಗಿಬಿಡುತ್ತದೆ, ಅದು ಹುಟ್ಟಿಸುವ ಕರೆಂಟ್ ಅರ್ಥ್‌ಗೆ ಹೋಗಿ ಅದನ್ನೇ ಬ್ರೇಕ್ ಹಾಕಿ ನಿಲ್ಲಿಸುತ್ತದೆ.

ಅಂದರೆ ಆಫ್ ಮಾಡುವುದು ನೀವು, ನಿಲ್ಲಿಸುವುದು ಪಾರ್ಕ್ ಸ್ವಿಚ್. ಇಬ್ಬರಲ್ಲಿ ಯಾರು ಕೆಲಸ ಬಿಟ್ಟರೂ ವೈಪರ್ ನಿಲ್ಲುವುದಿಲ್ಲ.

ಏನೂ ಬಿಚ್ಚದೆ, ಬರೀ ನೋಡಿ ಏನಾದರೂ ಗೊತ್ತಾಗುತ್ತದಾ?

ತುಂಬಾ ಗೊತ್ತಾಗುತ್ತದೆ. ಗಾಜು ಒದ್ದೆ ಮಾಡಿ, ಕಾರಿನೊಳಗೆ ಕೂತು, ಎರಡು ನಿಮಿಷ ಸುಮ್ನೆ ನೋಡಿ.

ಯಾವ ಸ್ಪೀಡಿನಲ್ಲಿ ಓಡುತ್ತಿದೆ ಅನ್ನುವುದು ಮೊದಲ ಸುಳಿವು. ಆಫ್ ಮಾಡಿದ ಮೇಲೂ ಜೋರು ಸ್ಪೀಡಿನಲ್ಲೇ ಓಡುತ್ತಿದ್ದರೆ ಹಳೆಯ ಮಾದರಿಯ ವಯರಿಂಗ್‌ನಲ್ಲಿ ಪಾರ್ಕ್ ಸ್ವಿಚ್ ಮೇಲೆ ಅನುಮಾನ ಬೇಡ, ಯಾಕೆಂದರೆ ಅದು ಕರೆಂಟ್ ಕೊಡುವುದು ಸ್ಲೋ ವಯರಿಗೆ ಮಾತ್ರ. ಆಗ ಸ್ಟೀರಿಂಗ್ ಬಳಿಯ ಕಾಂಬಿನೇಷನ್ ಸ್ವಿಚ್ ಅಥವಾ ಹೈ ಸ್ಪೀಡ್ ರಿಲೇ ನೋಡಿ. ಸ್ಲೋ ಸ್ಪೀಡಿನಲ್ಲಿ, ಕೆಳಗೆ ಬಂದಾಗ ಒಂದಿಷ್ಟೂ ತಡೆಯದೆ ಒಂದೇ ಸಮನೆ ಓಡುತ್ತಿದ್ದರೆ ಪಾರ್ಕ್ ಸ್ವಿಚ್, ಸ್ಲೋ ರಿಲೇ, ಕಾಂಬಿನೇಷನ್ ಸ್ವಿಚ್ ಮೂರರಲ್ಲಿ ಒಂದು. ಕೆಳಗೆ ಬಂದು, ಒಂದು ಕ್ಷಣ ನಿಂತ ಹಾಗೆ ಮಾಡಿ, ಮತ್ತೆ ಎದ್ದು ಹೊರಟರೆ ಬ್ರೇಕ್ ಹಿಡಿಯುತ್ತಿಲ್ಲ ಅಂತ ಅರ್ಥ: ಪಾರ್ಕ್ ಸ್ವಿಚ್‌ನ ಅರ್ಥ್ ಕಡೆ ಕಾಂಟ್ಯಾಕ್ಟ್ ಸರಿಯಿಲ್ಲ, ಮೋಟರ್ ವೇಗದಲ್ಲಿ ಆ ಜಾಗ ದಾಟಿ ಮುಂದೆ ಹೋಗುತ್ತದೆ, ದಾಟಿದ ಕೂಡಲೇ ಮತ್ತೆ 12 ವೋಲ್ಟ್ ಸಿಗುತ್ತದೆ, ಇನ್ನೊಂದು ಸುತ್ತು. ಗಾಜು ಒಣಗಿದ್ದಾಗ ನಿಂತು ಮಳೆಯಲ್ಲಿ ಮಾತ್ರ ನಿಲ್ಲದಿದ್ದರೂ ಇದೇ ಕಡೆ ಅನುಮಾನಿಸಿ, ಯಾಕೆಂದರೆ ಒದ್ದೆ ಗಾಜಿನಲ್ಲಿ ಬ್ಲೇಡಿಗೆ ತಡೆ ಕಡಿಮೆ.

ನಡುನಡುವೆ ಬಿಡುವು ಕೊಟ್ಟು ಓಡುತ್ತಿದ್ದರೆ ಇಂಟರ್‌ಮಿಟೆಂಟ್ ರಿಲೇ, ಅಥವಾ ಆಟೋ ವೈಪರ್ ಇದ್ದರೆ ಮಳೆ ಸೆನ್ಸರ್. ಈ ಬಿಡುವಿನ ವೈಪರ್‌ಗೆ ಅಮೆರಿಕದ ರಾಬರ್ಟ್ ಕೆರ್ನ್ಸ್ 1964ರಲ್ಲಿ ಪೇಟೆಂಟ್ ಅರ್ಜಿ ಹಾಕಿದಾಗ ಅದರ ಮೂಲ ಒಂದು ಕೆಪಾಸಿಟರ್, ಒಂದು ರೆಸಿಸ್ಟರ್, ಒಂದು ಟ್ರಾನ್ಸಿಸ್ಟರ್ ಆಗಿತ್ತು. ಕೆಪಾಸಿಟರ್‌ನಲ್ಲಿ ಕರೆಂಟ್ ತುಂಬುವಷ್ಟು ಹೊತ್ತು ಬಿಡುವು. ಹಳೆಯ ಕಾರುಗಳ ಟೈಮರ್ ರಿಲೇ ಒಳಗೆ ಈಗಲೂ ಅದೇ ತತ್ವ, ಅದಕ್ಕೆ ನೀರು ಅಥವಾ ತೇವ ಹೋದರೆ ಅದು ತನ್ನಷ್ಟಕ್ಕೆ ಸ್ವಿಚ್ ಒತ್ತುತ್ತಾ ಕೂರುತ್ತದೆ.

ಇನ್ನೊಂದು ಇದೆ, ತದ್ವಿರುದ್ಧ: ಆಫ್ ಮಾಡಿದ ಜಾಗದಲ್ಲೇ, ಗಾಜಿನ ಮಧ್ಯದಲ್ಲೇ ನಿಲ್ಲುವುದು. ಅಲ್ಲಿ ಪಾರ್ಕ್ ಸ್ವಿಚ್‌ನ ಕರೆಂಟ್ ಬರುತ್ತಿಲ್ಲ. ಬೇರೆ ತೊಂದರೆ, ಆದರೆ ಹುಡುಕುವ ಜಾಗ ಹೆಚ್ಚುಕಡಿಮೆ ಅದೇ.

ರಿಲೇ ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತದೆ?

ವೈಪರ್ ಓಡುತ್ತಿರುವಾಗ ರಿಲೇ ಎಳೆದು ತೆಗೆಯಿರಿ. ನಿಂತಿತಾ? ಹಾಗಾದರೆ ತೊಂದರೆ ಬಹುಶಃ ರಿಲೇಯಲ್ಲಿ ಅಥವಾ ಅದಕ್ಕೆ ಆಜ್ಞೆ ಕೊಡುವ ಕಡೆ. ಅದೇ ಫ್ಯೂಸ್ ಪೆಟ್ಟಿಗೆಯಲ್ಲಿ ಹಾರ್ನ್‌ಗೋ ಮತ್ತೊಂದಕ್ಕೋ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ನಂಬರ್ ಒಂದೇ ಇರಬೇಕು, ನೋಡಲು ಒಂದೇ ತರಹ ಇದ್ದರೆ ಸಾಲದು.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ಅದನ್ನು ಬೀಪ್ ಸ್ಥಾನಕ್ಕಿಡಿ, ಎರಡು ಕಾಲುಗಳ ನಡುವೆ ಕರೆಂಟಿಗೆ ದಾರಿ ಕೂಡಿದ್ದರೆ ಅದು ಬೀಪ್ ಕೊಡುತ್ತದೆ. ರಿಲೇ ಕೆಳಗೆ ಕಾಲುಗಳ ಪಕ್ಕ ನಂಬರ್ ಅಚ್ಚಾಗಿರುತ್ತದೆ. ಆ ಮಾಮೂಲಿ ರಿಲೇಗಳಲ್ಲಿ 85, 86 ಕಾಯಿಲ್‌ದು, 30 ಮತ್ತು 87 ಸ್ವಿಚ್‌ದು. ಹೊರಗೆ ತೆಗೆದ ರಿಲೇಯ 30, 87 ನಡುವೆ ಮೀಟರ್ ಬೀಪ್ ಕೊಡಬಾರದು. ಕೊಟ್ಟರೆ ಒಳಗೆ ಅಂಟಿಕೊಂಡಿದೆ. 87ಎ ಅನ್ನುವ ಐದನೇ ಕಾಲಿದ್ದರೆ 30ರ ಜೊತೆ ಅದು ಬೀಪ್ ಕೊಡುವುದು ಸರಿಯೇ, ಹೆದರಬೇಡಿ.

ಸ್ಕ್ರೂಡ್ರೈವರ್ ಹಿಡಿಕೆಯಿಂದ ರಿಲೇಗೆ ಮೆಲ್ಲಗೆ ಕುಟ್ಟಿದರೆ ಅಂಟಿದ ಕಾಂಟ್ಯಾಕ್ಟ್ ಕೆಲವೊಮ್ಮೆ ಬಿಟ್ಟುಕೊಳ್ಳುತ್ತದೆ, ವೈಪರ್ ನಿಲ್ಲುತ್ತದೆ. ಅದು ರಿಪೇರಿ ಅಲ್ಲ. ರಿಲೇ ಕೆಟ್ಟಿದೆ ಅನ್ನುವ ಗುರುತು, ಅಷ್ಟೇ. ಮೋಟರ್ ಮುಂದೆ ರಿಲೇಯ ಬೆಲೆ ಏನೇನೂ ಅಲ್ಲ, ಹೊಸದು ಹಾಕಿ. ಆದರೆ ಅಂಟಿದ್ದು ಯಾಕೆ ಅಂತಲೂ ನೋಡಿ: ವೈಪರ್ ಲಿಂಕೇಜ್ (ಮೋಟರನ್ನು ವೈಪರ್‌ಗೆ ಜೋಡಿಸುವ ಸರಳುಗಳು) ತುಕ್ಕು ಹಿಡಿದು ಬಿಗಿಯಾಗಿದ್ದರೆ ಮೋಟರ್ ಪ್ರತಿ ಸುತ್ತಿಗೂ ಹೆಣಗಾಡುತ್ತದೆ, ಹೊಸ ರಿಲೇಯೂ ಅದೇ ದಾರಿ ಹಿಡಿಯುತ್ತದೆ.

ಸ್ಟೀರಿಂಗ್ ಕೆಳಗಿನ ಸ್ವಿಚ್‌ನ ಕನೆಕ್ಟರ್ ಎಳೆದೆ, ವೈಪರ್ ನಿಂತಿತು. ಹಾಗಾದರೆ ಸ್ವಿಚ್ಚೇ ಹಾಳು ಅಲ್ವಾ?

ಇಲ್ಲ! ಇಲ್ಲಿಯೇ ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದು.

ಮೇಲೆ ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ಪಾರ್ಕ್ ಸ್ವಿಚ್‌ನ ಕರೆಂಟ್ ಮೋಟರ್‌ಗೆ ಮರಳುವುದೇ ಕಾಂಬಿನೇಷನ್ ಸ್ವಿಚ್ ಒಳಗಿಂದ. ಹಾಗಾಗಿ ಕನೆಕ್ಟರ್ ಕಿತ್ತರೆ ಎರಡು ಸಂದರ್ಭದಲ್ಲೂ ವೈಪರ್ ನಿಲ್ಲುತ್ತದೆ, ಸ್ವಿಚ್ ಕೆಟ್ಟಿದ್ದರೂ, ಪಾರ್ಕ್ ಸ್ವಿಚ್ ಕೆಟ್ಟಿದ್ದರೂ. ಬರೀ ಅಷ್ಟು ನೋಡಿ ಹೊಸ ಕಾಂಬಿನೇಷನ್ ಸ್ವಿಚ್ ತರಿಸಿ ಹಾಕಿದರೆ ವೈಪರ್ ಮತ್ತೆ ಮೊದಲಿನ ಹಾಗೇ ಓಡಬಹುದು.

ಬೇರ್ಪಡಿಸುವುದು ಹೀಗೆ. ಕಾರಿನ ವಯರಿಂಗ್ ನಕ್ಷೆ ಬೇಕು, ಯಾವ ವಯರ್ ಯಾವುದು ಅಂತ ಊಹೆ ಮಾಡಬೇಡಿ. ಕೀ ಆನ್ ಇಟ್ಟು, ಒಬ್ಬರು ಗಾಜು ನೋಡುತ್ತಾ ಇರಲಿ, ಬ್ಲೇಡ್ ಸರಿಯಾಗಿ ಕೆಳಗೆ ಬಂದ ಹೊತ್ತಿಗೆ ಇನ್ನೊಬ್ಬರು ಕನೆಕ್ಟರ್ ಎಳೆಯಲಿ. ಒಂದೆರಡು ಸಲ ತಪ್ಪುತ್ತದೆ, ಆಮೇಲೆ ಬರುತ್ತದೆ. ಈಗ ಕಿತ್ತ ಕನೆಕ್ಟರ್‌ನಲ್ಲಿ ಪಾರ್ಕ್ ವಯರಿನ ವೋಲ್ಟೇಜ್ ಅಳೆಯಿರಿ. ಬ್ಲೇಡ್ ಕೆಳಗಿರುವಾಗ ಸೊನ್ನೆ ಇರಬೇಕು, ಗಾಜಿನ ಮಧ್ಯೆ ಇರುವಾಗ 12ರ ಆಸುಪಾಸು. ಎರಡೂ ಕಡೆ ಸರಿಯಾಗಿ ಬದಲಾಗುತ್ತಿದ್ದರೆ ಪಾರ್ಕ್ ಸ್ವಿಚ್ ಚೆನ್ನಾಗಿದೆ, ಆಗ ಕಾಂಬಿನೇಷನ್ ಸ್ವಿಚ್ ಹಿಡಿಯಿರಿ. ಅದನ್ನು ಆಫ್‌ನಲ್ಲಿಟ್ಟು ಮೀಟರ್ ಹಿಡಿದರೆ ಬ್ಯಾಟರಿ ಪಿನ್ ಮತ್ತು ಸ್ಲೋ ಪಿನ್ ನಡುವೆ ಬೀಪ್ ಬರಬಾರದು. ಪಾರ್ಕ್ ಪಿನ್ ಮತ್ತು ಸ್ಲೋ ಪಿನ್ ನಡುವೆ ಬೀಪ್ ಬರಲೇಬೇಕು.

ಬ್ಲೇಡ್ ಕೆಳಗೆ ಇದ್ದರೂ ಪಾರ್ಕ್ ವಯರಿನಲ್ಲಿ 12 ವೋಲ್ಟ್ ಹಾಗೇ ಇದ್ದರೆ ಈಗ ಮೋಟರ್ ಬಳಿಯ ಕನೆಕ್ಟರ್ ತೆಗೆದು ಅದೇ ವಯರನ್ನು ಮತ್ತೆ ಅಳೆಯಿರಿ. ಸೊನ್ನೆಯಾಯಿತು ಅಂದರೆ ಕರೆಂಟ್ ಬರುತ್ತಿದ್ದದ್ದು ಮೋಟರ್ ಒಳಗಿನಿಂದ. ಇನ್ನೂ 12 ಇದ್ದರೆ ಮೋಟರ್‌ಗೆ ಕೈ ಹಚ್ಚಬೇಡಿ, ದಾರಿಯಲ್ಲಿ ಎಲ್ಲೋ ವಯರ್ ತಾಗಿದೆ.

ಕಾಂಬಿನೇಷನ್ ಸ್ವಿಚ್ ನಾನೇ ಬಿಚ್ಚಬಹುದಾ?

ಎಷ್ಟೋ ಕಾರುಗಳಲ್ಲಿ ಸ್ಟೀರಿಂಗ್ ಕಂಬದ ಪ್ಲಾಸ್ಟಿಕ್ ಕವರ್ ತೆಗೆದರೆ ವೈಪರ್ ಸ್ವಿಚ್ ಪಕ್ಕಕ್ಕೆ ಜಾರಿಸಿ ತೆಗೆಯಬಹುದು. ಸ್ಟೀರಿಂಗ್ ಚಕ್ರವನ್ನೇ ಬಿಚ್ಚಬೇಕಾದ ಕಾರಾದರೆ ಏರ್‌ಬ್ಯಾಗ್ ಇದೆ, ಅದು ಮನೆಯಂಗಳದ ಕೆಲಸ ಅಲ್ಲ, ತಿಳಿದವರಿಗೆ ಬಿಡಿ. ಒಳಗೆ ಬರೀ ಕೊಳೆ, ತೇವ ಇದ್ದರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇರೆ, ಅದನ್ನು ಹೊಡೆದರೆ ಜಿಡ್ಡು ಉಳಿದು ಧೂಳು ಹಿಡಿಯುತ್ತದೆ.

ಮೋಟರ್ ಒಳಗೆ ಬಿಚ್ಚಿದರೆ ಏನು ಕಾಣುತ್ತದೆ? ಸರಿ ಮಾಡಬಹುದೇ?

ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ. ವೈಪರ್ ಲಿಂಕೇಜ್‌ಗೆ ಬೆರಳು ಸಿಕ್ಕರೆ ಮುರಿಯುವಷ್ಟು ಶಕ್ತಿ ಇದೆ.

ಗಾಜಿನ ಕೆಳಗಿನ ಪ್ಲಾಸ್ಟಿಕ್ ಗ್ರಿಲ್ ತೆಗೆದು, ಮೋಟರ್ ಹೊರಗೆ ತಂದು, ಗೇರ್ ಡಬ್ಬಿಯ ಮುಚ್ಚಳ ತೆರೆದರೆ ದಪ್ಪ ಗ್ರೀಸಿನಲ್ಲಿ ಮುಳುಗಿದ ಒಂದು ಪ್ಲಾಸ್ಟಿಕ್ ಗೇರ್ ಕಾಣುತ್ತದೆ. ಅದರ ಮುಖದಲ್ಲಿ ತಾಮ್ರ ಅಥವಾ ಹಿತ್ತಾಳೆಯ ಒಂದು ಬಳೆ, ಆ ಬಳೆಯಲ್ಲಿ ಒಂದು ಕಡೆ ಕಚ್ಚು. ಮುಚ್ಚಳದ ಒಳಬದಿಯಲ್ಲಿ ತೆಳ್ಳಗಿನ ಮೂರು ಲೋಹದ ನಾಲಿಗೆಗಳು, ಅವು ಗೇರ್ ತಿರುಗುವಾಗ ಬಳೆಯ ಮೇಲೆ ಉಜ್ಜುತ್ತಾ ಇರುತ್ತವೆ. ಕಚ್ಚು ನಾಲಿಗೆಯ ಕೆಳಗೆ ಬಂದ ಗಳಿಗೆಯೇ ಬ್ಲೇಡ್ ಗಾಜಿನ ಕೆಳಗೆ ಬರುವ ಗಳಿಗೆ. ಎಲ್ಲ ಮೋಟರ್‌ಗಳಲ್ಲೂ ಇದೇ ವಿನ್ಯಾಸ ಇರುವುದಿಲ್ಲ, ಕೆಲವಲ್ಲಿ ಗೇರ್ ಮೇಲಿನ ಉಬ್ಬು ಒಂದು ಸ್ವಿಚ್ಚನ್ನು ತಳ್ಳುತ್ತದೆ, ಆದರೆ ಹಳೆಯ ಕಾರುಗಳಲ್ಲಿ ಜಾಸ್ತಿ ಕಾಣುವುದು ಈ ಬಳೆ.

ನಿಲ್ಲದ ವೈಪರ್‌ನ ಮೋಟರ್ ಆಗಿದ್ದರೆ ಆ ಕಚ್ಚಿನ ಜಾಗ ನೋಡಿ. ಗ್ರೀಸ್ ಗಟ್ಟಿಯಾಗಿ ಕಪ್ಪಾಗಿರುತ್ತದೆ, ಸವೆದ ತಾಮ್ರದ ಪುಡಿ ಅದರಲ್ಲಿ ಸೇರಿ ಕಚ್ಚನ್ನು ತುಂಬಿರುತ್ತದೆ, ಎಷ್ಟೋ ಸಲ ಬದಿಯಲ್ಲಿ ಹಸಿರು ಕಿಲುಬು. ತೆರೆದೇ ಇರಬೇಕಾದ ಜಾಗ ಮುಚ್ಚಿಹೋಗಿದೆ, ಹಾಗಾಗಿ ಸ್ವಿಚ್‌ಗೆ ಅದು ಕಾಣುವುದೇ ಇಲ್ಲ. ಇಲ್ಲವೇ ಒಂದು ನಾಲಿಗೆ ಬಗ್ಗಿ ಅಥವಾ ಮುರಿದು ಬಳೆಗೆ ತಾಗದೆ ನಿಂತಿರುತ್ತದೆ.

ಬರೀ ಕೊಳೆಯಾದರೆ ಸರಿ ಮಾಡಬಹುದು. ಬಿಚ್ಚುವ ಮೊದಲೇ ಗೇರ್ ಎಲ್ಲಿತ್ತು ಅಂತ ಗುರುತು ಹಾಕಿ, ಫೋಟೋ ತೆಗೆಯಿರಿ. ಹಳೆ ಗ್ರೀಸ್ ಪೂರ್ತಿ ಒರೆಸಿ, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಬಳೆ ಹೊಳೆಯುವಷ್ಟು ಉಜ್ಜಿ, ಬಗ್ಗಿದ ನಾಲಿಗೆಯನ್ನು ತುಸುವೇ ಎತ್ತಿ, ಹೊಸ ಗ್ರೀಸ್ ಗೇರ್ ಹಲ್ಲಿಗೆ ಹಚ್ಚಿ. ಬಳೆಯ ಮೇಲೆ ಗ್ರೀಸ್ ಮೆತ್ತಬೇಡಿ. ಮುಚ್ಚಳದ ಸುತ್ತ ಸೀಲ್ ಹಾಳಾಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇಲ್ಲಿಗೇ ಬರುತ್ತೀರಿ. ಬಳೆ ಸವೆದು ಹರಿದಿದ್ದರೆ, ಮುಚ್ಚಳ ರಿವೆಟ್ ಹೊಡೆದ ಮೋಟರ್ ಆಗಿದ್ದರೆ, ಆಗ ಮೋಟರ್ ಬದಲಿಸುವುದೇ ಸರಿ.

ನಮ್ಮ ಕಡೆ ಈ ತೊಂದರೆ ಜಾಸ್ತಿ ಯಾಕೆ?

ಉಡುಪಿಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಅಷ್ಟು ತಿಂಗಳು ವೈಪರ್‌ಗೆ ಬಿಡುವಿಲ್ಲ, ಉಳಿದ ಎಂಟು ತಿಂಗಳು ಅದನ್ನು ಕೇಳುವವರಿಲ್ಲ. ಮಲ್ಪೆ, ಪಣಂಬೂರು, ಉಳ್ಳಾಲದ ಕಡಲ ಬದಿಯಲ್ಲಿ ನಿಲ್ಲಿಸುವ ಕಾರುಗಳಿಗೆ, ಮರವಂತೆಯ ಹಾಗೆ ಅಲೆಯ ಪಕ್ಕವೇ ರಸ್ತೆ ಇರುವ ಕಡೆ ದಿನಾ ಓಡಾಡುವವರಿಗೆ ಉಪ್ಪಿನ ಗಾಳಿ ಬೇರೆ. ಉಪ್ಪು ಮತ್ತು ತೇವ ಸೇರಿದರೆ ಕನೆಕ್ಟರ್ ಪಿನ್‌ಗೆ ಕಿಲುಬು ಹಿಡಿಯಲು ಒಂದು ಮಳೆಗಾಲವೂ ಬೇಡ.

ಇದಕ್ಕೆಲ್ಲ ಮೇಲೆ ಮರ. ಮಾವು, ಹಲಸಿನ ಕೆಳಗೆ ನಿಲ್ಲಿಸಿದ ಕಾರಿನ ಗಾಜಿನ ಬುಡದ ಗ್ರಿಲ್ ಒಳಗೆ ತರಗೆಲೆ ಸೇರಿ ಕೊಳೆತು ನೀರು ಹೋಗುವ ತೂತು ಮುಚ್ಚುತ್ತದೆ. ಆಗ ಮಳೆ ನೀರು ಅಲ್ಲೇ ನಿಲ್ಲುತ್ತದೆ, ಎಷ್ಟೋ ಕಾರುಗಳಲ್ಲಿ ವೈಪರ್ ಮೋಟರ್ ಇರುವುದು ಅದೇ ತೊಟ್ಟಿಯಲ್ಲಿ. ನೀರು ಇನ್ನೂ ಏರಿದರೆ ಕಾರಿನೊಳಗೆ ಇಳಿದು ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಪೆಟ್ಟಿಗೆಗೂ ಹೋಗಬಹುದು. ಮೇ ತಿಂಗಳು ಮುಗಿಯುವ ಮೊದಲು ಗ್ರಿಲ್ ಬಿಚ್ಚಿ ಎಲೆ ತೆಗೆದು ಒಂದು ಚೊಂಬು ನೀರು ಹೊಯ್ದು ನೋಡಿ, ಸರಾಗ ಕೆಳಗೆ ಹೋಗಬೇಕು. ಇದಕ್ಕಿಂತ ಒಳ್ಳೆಯ ಮುನ್ನೆಚ್ಚರಿಕೆ ನನಗೆ ಗೊತ್ತಿಲ್ಲ.

ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆ ನಿಂತ ನೀರಿನಲ್ಲಿ ಕಾರು ಓಡಿಸಿದವರು ಒಮ್ಮೆ ಕಾಲ ಕೆಳಗಿನ ಕಾರ್ಪೆಟ್ ಎತ್ತಿ ನೋಡಿ. ಒದ್ದೆ ಇದ್ದರೆ ಒಣಗಿಸದೆ ಎಲೆಕ್ಟ್ರಿಕಲ್ ತೊಂದರೆ ಹುಡುಕುವುದು ವ್ಯರ್ಥ.

ಆಟೋ ವೈಪರ್ ಉಂಟು. ಬಿಸಿಲಿನಲ್ಲೂ ಓಡುತ್ತದೆ ಮಾರಾಯ್ರೆ!

ಮೊದಲು ಆಟೋದಿಂದ ಪೂರ್ತಿ ಆಫ್‌ಗೆ ತಂದು ನೋಡಿ. ಆಫ್‌ನಲ್ಲಿ ನಿಂತರೆ ಮೋಟರ್, ರಿಲೇ ಎಲ್ಲ ಚೆನ್ನಾಗಿವೆ, ತೊಂದರೆ ಸೆನ್ಸರ್‌ದು.

ನಡುವಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡು ಅದು ಕೂತಿರುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಓರೆಯಾಗಿ ಗಾಜಿನೊಳಗೆ ಬಿಡುತ್ತದೆ. ಗಾಜು ಒಣಗಿದ್ದರೆ ಬೆಳಕು ಪ್ರತಿಫಲಿಸಿ ವಾಪಸ್ ಬರುತ್ತದೆ, ಹನಿ ಬಿದ್ದರೆ ಒಂದಿಷ್ಟು ಹೊರಗೆ ಸೋರುತ್ತದೆ. ವಾಪಸ್ ಬಂದದ್ದು ಕಡಿಮೆಯಾದಷ್ಟೂ ಮಳೆ ಜಾಸ್ತಿ ಅಂತ ಅದರ ಲೆಕ್ಕ. ಗಾಜು ಮತ್ತು ಸೆನ್ಸರ್ ನಡುವಿನ ಜೆಲ್ ಪದರ ಎದ್ದು ಗಾಳಿಗುಳ್ಳೆ ಸೇರಿದರೆ, ಅಥವಾ ಆ ಜಾಗದ ಗಾಜಿಗೆ ಮೇಣ, ಹಕ್ಕಿ ಹಿಕ್ಕೆ, ಗೀರು ಇದ್ದರೆ ಲೆಕ್ಕ ತಪ್ಪುತ್ತದೆ. ಮುಂದಿನ ಗಾಜು ಬದಲಿಸಿದ ಮೇಲೆ ಶುರುವಾದ ತೊಂದರೆಯಾದರೆ ಮೊದಲು ಜೆಲ್ ಪದರವನ್ನೇ ನೋಡಿಸಿ. ಮತ್ತೆ, ಕಾರು ತೊಳೆಯಲು ಕೊಡುವಾಗ ಆಟೋ ಆಫ್ ಮಾಡಿಯೇ ಕೊಡಿ, ಒರೆಸುವವರ ಕೈಗೆ ಬ್ಲೇಡ್ ಬಡಿಯುತ್ತದೆ.

ಹೊಸ ಕಾರಿಗೆ ಮೇಲೆ ಹೇಳಿದ ವಯರಿನ ಲೆಕ್ಕ ಅನ್ವಯಿಸುತ್ತದಾ?

ಪೂರ್ತಿ ಇಲ್ಲ. ಈಗಿನ ಎಷ್ಟೋ ಕಾರುಗಳಲ್ಲಿ ನೀವು ತಿರುಗಿಸುವ ಸ್ವಿಚ್ ಬರೀ ಸಂದೇಶ ಕಳುಹಿಸುತ್ತದೆ, ಮೋಟರ್ ಓಡಿಸುವುದು ಬಿಸಿಎಂ ಅನ್ನುವ ಕಂಪ್ಯೂಟರ್ ಡಬ್ಬಿ. ಪಾರ್ಕ್ ಸ್ವಿಚ್‌ನ ಸುದ್ದಿಯೂ ಅದಕ್ಕೇ ಹೋಗುತ್ತದೆ. ಸ್ವಿಚ್‌ನ ಸಂದೇಶ ಬರುವುದು ನಿಂತರೆ ಕೆಲವು ಕಾರುಗಳಲ್ಲಿ ಬಿಸಿಎಂ ಬೇಕೆಂದೇ ವೈಪರ್ ಚಾಲೂ ಇಡುತ್ತದೆ, ಮಳೆಯಲ್ಲಿ ನೀವು ಕುರುಡಾಗಬಾರದು ಅಂತ. ಅಂಥ ಕಾರಿನಲ್ಲಿ ಕನೆಕ್ಟರ್ ಕಿತ್ತರೆ ವೈಪರ್ ನಿಲ್ಲುವ ಬದಲು ಶುರುವಾಗಲೂಬಹುದು! ಇಲ್ಲಿ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕುವುದೇ ಒಳ್ಳೆಯದು. ಸ್ವಿಚ್ ತಿರುಗಿಸುತ್ತಾ ಪರದೆಯಲ್ಲಿ ಆಫ್, ಸ್ಲೋ, ಹೈ ಸರಿಯಾಗಿ ಬದಲಾಗುತ್ತಿದೆಯಾ, ಬ್ಲೇಡ್ ಕೆಳಗೆ ಬಂದಾಗ ಪಾರ್ಕ್ ಸಂದೇಶ ಬರುತ್ತಿದೆಯಾ ಅಂತ ನೋಡಬಹುದು. ಬಿಸಿಎಂ ದುಬಾರಿ, ಅದು ಹಾಳು ಅಂತ ಯಾರಾದರೂ ಹೇಳಿದರೆ ಈ ಎರಡು ತೋರಿಸಿ ಅಂತ ಕೇಳಿ.

ಇಲಿ ಕಚ್ಚಿದರೆ ಹೀಗಾಗುತ್ತದಾ?

ಆಗುತ್ತದೆ. ಮಳೆಗಾಲದಲ್ಲಿ ಇಲಿ, ಹೆಗ್ಗಣಗಳಿಗೆ ಬೆಚ್ಚಗಿನ ಇಂಜಿನ್ ಜಾಗ ಬೇಕು. ತೆಂಗಿನ ನಾರು, ಒಣ ಎಲೆ ಬಾನೆಟ್ ಒಳಗೆ ಕಂಡರೆ ವಯರಿಂಗ್ ಉದ್ದಕ್ಕೂ ಕೈಯಾಡಿಸಿ. ಎರಡು ವಯರಿನ ಮೇಲ್ಕವಚ ಹೋಗಿ ತಾಮ್ರಕ್ಕೆ ತಾಮ್ರ ತಾಗಿದರೆ ಸ್ವಿಚ್ ಇಲ್ಲದೆಯೇ ಕರೆಂಟ್ ಹೋಗುತ್ತದೆ. ಬರೀ ಟೇಪ್ ಸುತ್ತಿ ಬಿಡಬೇಡಿ, ನಮ್ಮ ತೇವಕ್ಕೆ ಅದು ಬಿಟ್ಟುಕೊಳ್ಳುತ್ತದೆ, ಬೆಸುಗೆ ಹಾಕಿಸಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿ.

ವಾಶರ್ ಒತ್ತಿದ ಮೇಲೆ ಎರಡು ಮೂರು ಸಲ ಓಡುತ್ತದೆ. ಇದು ತೊಂದರೆಯೇ?

ಅಲ್ಲ, ಹಾಗೇ ಇರಬೇಕು.

ರಿವರ್ಸ್ ಹಾಕಿದಾಗ ಹಿಂದಿನ ವೈಪರ್ ತಾನಾಗಿ ಓಡುತ್ತದೆ.

ಮುಂದಿನ ವೈಪರ್ ಆನ್ ಇದ್ದಾಗ ಮಾತ್ರ ಹಾಗಾಗುತ್ತಿದ್ದರೆ ಅದು ಕೆಲವು ಕಾರುಗಳ ಸೌಲಭ್ಯ. ಯಾವಾಗಲೂ ಓಡುತ್ತಿದ್ದರೆ ಹಿಂದಿನ ಮೋಟರ್, ಅಥವಾ ಹಿಂಬಾಗಿಲು ತೆರೆದು ಮುಚ್ಚುವ ಜಾಗದಲ್ಲಿ ಮಡಚಿ ಮಡಚಿ ಹರಿದ ವಯರ್.

ಗುಜರಿಯಿಂದ ಹಳೆ ಮೋಟರ್ ತಂದು ಹಾಕಬಹುದಾ?

ಹಾಕಬಹುದು, ಅದೇ ಮಾಡೆಲ್, ಅದೇ ಕನೆಕ್ಟರ್ ಇದ್ದರೆ. ತರುವ ಮೊದಲು ಬ್ಯಾಟರಿಗೆ ಕೊಟ್ಟು ತಿರುಗಿಸಿ ನೋಡಿದರೆ ಸಾಲದು, ಪಾರ್ಕ್ ಪಿನ್‌ಗೆ ಟೆಸ್ಟ್ ಲ್ಯಾಂಪ್ ಹಿಡಿದು ಸುತ್ತಿಗೊಮ್ಮೆ ಆರಿ ಮತ್ತೆ ಹೊತ್ತುತ್ತದೆಯೇ ಅಂತ ನೋಡಿ. ಆರದೇ ಇದ್ದರೆ ನಿಮ್ಮ ಹಳೆಯದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಹಾಕುವಾಗ ಮೋಟರ್ ಪಾರ್ಕ್ ಜಾಗಕ್ಕೆ ಬಂದು ನಿಂತ ಮೇಲೆಯೇ ಲಿಂಕೇಜ್ ತೋಳು ಜೋಡಿಸಿ, ಇಲ್ಲದಿದ್ದರೆ ಬ್ಲೇಡ್ ಗಾಜಿನ ಮಧ್ಯೆ ನಿಲ್ಲುತ್ತದೆ ಅಥವಾ ಚೌಕಟ್ಟಿಗೆ ಬಡಿಯುತ್ತದೆ.

ಫ್ಯೂಸ್ ತೆಗೆದೇ ಓಡಿಸುತ್ತೇನೆ, ಮಳೆ ಇಲ್ಲದ ದಿನ ಸಾಕಲ್ಲ?

ಗ್ಯಾರೇಜ್‌ವರೆಗೆ ಸರಿ. ಅದನ್ನೇ ಅಭ್ಯಾಸ ಮಾಡಬೇಡಿ. ಗಾಜಿರುವ ವಾಹನಕ್ಕೆ ಕೆಲಸ ಮಾಡುವ ವೈಪರ್ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ, 101ನೇ ನಿಯಮ. ಕಾನೂನು ಬಿಡಿ, ಮಂಗಳೂರಿನಲ್ಲಿ ಬಿಸಿಲು ಅಂತ ಹೊರಟು ಶಿರಾಡಿ ಘಾಟಿ ಹತ್ತುವಾಗ ಮಳೆ ಸಿಕ್ಕರೆ ಆ ತಿರುವುಗಳಲ್ಲಿ ಕಾರು ನಿಲ್ಲಿಸಿ ಫ್ಯೂಸ್ ಹುಡುಕುವುದಾ?

ವಿಮೆಯಲ್ಲಿ ಬರುತ್ತದಾ?

ಸಾಮಾನ್ಯ ಪಾಲಿಸಿಯಲ್ಲಿ ಎಲೆಕ್ಟ್ರಿಕಲ್ ಕೆಡುಕು, ಸವಕಳಿ ಬರುವುದಿಲ್ಲ. ಕಂಪನಿಯ ವಾರಂಟಿ ಇನ್ನೂ ಇದ್ದರೆ ಅಲ್ಲಿ ಕೇಳಿ, ಆದರೆ ಮೋಟರ್ ನೀವೇ ಬಿಚ್ಚುವ ಮೊದಲು ಕೇಳಿ.

ಗ್ಯಾರೇಜಿನಲ್ಲಿ ಏನಂತ ಹೇಳಬೇಕು?

"ವೈಪರ್ ಹಾಳಾಗಿದೆ" ಅಂತ ಹೇಳಬೇಡಿ. ಯಾವ ಸ್ಪೀಡಿನಲ್ಲಿ ಓಡುತ್ತದೆ, ಕೆಳಗೆ ಬಂದಾಗ ತಡೆಯುತ್ತದಾ, ಕೀ ತೆಗೆದರೆ ನಿಲ್ಲುತ್ತದಾ, ಮಳೆಯಲ್ಲಿ ಮಾತ್ರವಾ, ಇತ್ತೀಚೆಗೆ ಗಾಜು, ಲೈಟು, ಕ್ಯಾಮೆರಾ ಏನಾದರೂ ಹಾಕಿಸಿದ್ದೀರಾ, ಇಷ್ಟು ಹೇಳಿ. ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಬಂದು ಹೋಗುವ ತೊಂದರೆ ಗ್ಯಾರೇಜಿನ ಎದುರು ಕಾಣಿಸದೆ ಹೋಗಬಹುದು. "ಮೋಟರ್ ಹಾಕಿ ನೋಡುವ" ಅಂತ ಅವರು ಅಂದರೆ, "ಪಾರ್ಕ್ ವಯರಿಗೆ ಮೀಟರ್ ಹಿಡಿದು ನೋಡಿದಿರಾ ಅಣ್ಣ?" ಅಂತ ಕೇಳಿ. ಕೆಲಸ ಬಲ್ಲವರು ಬೇಸರ ಮಾಡಿಕೊಳ್ಳುವುದಿಲ್ಲ, ಅವರಿಗೂ ಅದೇ ಬೇಕು.

ರಿಪೇರಿ ಆಯಿತು. ಸರಿಯಾಗಿದೆ ಅಂತ ನೋಡುವುದು ಹೇಗೆ?

ಅಲ್ಲೇ, ಹಣ ಕೊಡುವ ಮೊದಲು ನೋಡಿ. ಗಾಜಿಗೆ ಪೈಪಿನಲ್ಲಿ ನೀರು ಬಿಡಿಸಿ, ಒಣಗಿದ ಗಾಜಿನಲ್ಲಿ ಪರೀಕ್ಷೆ ಬೇಡ. ಸ್ಲೋನಲ್ಲಿ ಓಡಿಸಿ ಬ್ಲೇಡ್ ಮೇಲೆ ಹೋಗುವಾಗ ಒಮ್ಮೆ ಆಫ್ ಮಾಡಿ, ಕೆಳಗೆ ಬರುವಾಗ ಒಮ್ಮೆ, ಪೂರ್ತಿ ತುದಿಯಲ್ಲಿರುವಾಗ ಒಮ್ಮೆ. ಆಮೇಲೆ ಜೋರು ಸ್ಪೀಡಿನಿಂದ ನೇರ ಆಫ್‌ಗೆ ತನ್ನಿ. ಪ್ರತಿ ಸಲವೂ ಬ್ಲೇಡ್ ತಾನಾಗಿ ಕೆಳಗೆ ಬಂದು ಅದೇ ಜಾಗದಲ್ಲಿ, ಎಳೆಯದೆ, ಜಿಗಿಯದೆ ನಿಲ್ಲಬೇಕು. ಇಂಟರ್‌ಮಿಟೆಂಟ್‌ನಲ್ಲಿ ಹತ್ತು ನಿಮಿಷ ಬಿಟ್ಟು ಆಫ್ ಮಾಡಿ, ಬಿಸಿಯಾದ ಮೇಲೆ ಅಂಟುವ ರಿಲೇ ಆಗಲೇ ಸಿಕ್ಕಿಬೀಳುವುದು. ಕೊನೆಗೆ ಹಳೆಯ ಪಾರ್ಟ್ ಕೇಳಿ ಪಡೆದುಕೊಳ್ಳಿ.